ಇಷ್ಟು ಗಟ್ಟಿ ಕೋಟೆ ಮತ್ತೆ ಮತ್ತೆ ಬಿದ್ದಿದ್ದು ಯಾಕೆ? ನಾಮ್ಯೂರ್ ಕಥೆ

ಪ್ರಶ್ನೆ: ನಾವು ಎರಡು ವರ್ಷದಿಂದ ಬ್ರಸೆಲ್ಸ್‌ನಲ್ಲಿದ್ದೇವೆ. ಕಳೆದ ತಿಂಗಳು ರೈಲು ಹತ್ತಿ ಇಲ್ಲೇ ಬೆಲ್ಜಿಯಂನ ನಾಮ್ಯೂರಿಗೆ ಹೋಗಿದ್ದೆವು. ಸ್ಟೇಷನ್ ಬೋರ್ಡ್ ನೋಡಿ ಮಗ ‘ನಮ್ಮೂರು’ ಅಂತ ಓದಿ ನಕ್ಕ. ಗುಡ್ಡದ ಮೇಲಿನ ಕೋಟೆ ತುಂಬಾ ದೊಡ್ಡದು. ಆದರೆ ಗೈಡ್ ಹೇಳಿದ್ದು ಕೇಳಿದರೆ ಸ್ಪೇನಿನವರು, ಫ್ರೆಂಚರು, ಡಚ್ಚರು, ಜರ್ಮನ್ನರು, ಹೀಗೆ ಬಂದವರೆಲ್ಲ ಅದನ್ನು ಹಿಡಿದಿದ್ದಾರೆ. 1692ರಲ್ಲಿ ಒಬ್ಬರು, 1695ರಲ್ಲಿ ಇನ್ನೊಬ್ಬರು. ಇಷ್ಟು ಗಟ್ಟಿ ಕೋಟೆ ಮತ್ತೆ ಮತ್ತೆ ಬಿದ್ದಿದ್ದು ಯಾಕೆ? ಬೀಳುವುದೇ ಆದರೆ ಮತ್ತೆ ಮತ್ತೆ ಕಟ್ಟಿದ್ದು ಯಾಕೆ? ಇನ್ನೊಂದು, ಸುರಂಗದೊಳಗೆ ಗಾಳಿಗೆ ಅಷ್ಟೊಂದು ವ್ಯವಸ್ಥೆ ಯಾಕೆ ಅಂತ ಮಗ ಕೇಳಿದ. ನಮಗೆ ಗೊತ್ತಾಗಲಿಲ್ಲ.

ಉತ್ತರ: ನಿಮ್ಮ ಎರಡನೇ ಪ್ರಶ್ನೆಯಲ್ಲೇ ಮೊದಲನೆಯದಕ್ಕೆ ಉತ್ತರ ಇದೆ. ಕೋಟೆ ಅಂದರೆ ಯಾವತ್ತೂ ಬೀಳಬಾರದು ಅಂತ ನಾವು ಅಂದುಕೊಂಡಿರುತ್ತೇವೆ. ಕಟ್ಟಿದವರು ಹಾಗೆ ಅಂದುಕೊಂಡಿರಲಿಲ್ಲ. ಅವರ ಲೆಕ್ಕ ದಿನಗಳದ್ದು. ಶತ್ರು ಬಂದರೆ ಎಷ್ಟು ದಿನ ತಡೆಯುತ್ತೆ? ಅಷ್ಟರೊಳಗೆ ನಮ್ಮ ದಂಡು ಬಂದು ಸೇರುತ್ತಾ? ಐದು ವಾರ ತಡೆದರೆ ಒಳ್ಳೆಯ ಕೋಟೆ, ಎರಡು ತಿಂಗಳು ತಡೆದರೆ ಬಹಳ ಒಳ್ಳೆಯ ಕೋಟೆ. ಈ ಲೆಕ್ಕದಲ್ಲಿ ನೋಡಿದರೆ ನಾಮ್ಯೂರ್ ಅಷ್ಟೇನೂ ಸೋತ ಊರಲ್ಲ. ನಿಜವಾಗಿ ಸೋತಿದ್ದು 1914ರಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಜಾಗ ನೋಡೋಣ. ಸಾಂಬ್ರ್ ನದಿ ಬಂದು ಮ್ಯೂಸ್ ನದಿಗೆ ಸೇರುವ ಮೂಲೆಯಲ್ಲಿ ಊರಿದೆ. ಎರಡು ನದಿಗಳ ನಡುವೆ ಮೂಗಿನ ಹಾಗೆ ಚಾಚಿಕೊಂಡಿರುವ ಗುಡ್ಡದ ಮೇಲೆ ಕೋಟೆ ಇದೆ. ಆ ಕಾಲದಲ್ಲಿ ಭಾರಿ ಫಿರಂಗಿ, ಗುಂಡು, ಮದ್ದು, ದಂಡಿನ ರೊಟ್ಟಿಗೆ ಬೇಕಾದ ಹಿಟ್ಟು, ಎಲ್ಲ ದೋಣಿಯಲ್ಲೇ ಹೋಗಬೇಕಿತ್ತು. ಕೆಸರಿನ ರಸ್ತೆಯಲ್ಲಿ ಅಷ್ಟು ಭಾರ ಎಳೆಯೋದು ಆಗದ ಮಾತು. ಸಾಂಬ್ರ್ ಬರುವುದು ಫ್ರಾನ್ಸ್ ಕಡೆಯಿಂದ. ಮ್ಯೂಸ್ ಹರಿದು ಹೋಗುವುದು ಲಿಯೇಜ್, ಮಾಸ್ಟ್ರಿಕ್ಟ್ ದಾಟಿ ಡಚ್ ನಾಡಿಗೆ. ಹಾಗಾಗಿ ಫ್ರೆಂಚರು ಉತ್ತರಕ್ಕೆ ಹೊರಟರೂ ನಾಮ್ಯೂರ್ ಬೇಕು, ಡಚ್ಚರು ಅವರನ್ನು ತಡೆಯಬೇಕೆಂದರೂ ನಾಮ್ಯೂರ್ ಬೇಕು. ಮಧ್ಯದಲ್ಲಿ ಸಿಕ್ಕ ಊರಿನವರಿಗೆ ಏನು ಬೇಕು ಅಂತ ಯಾರೂ ಕೇಳಲಿಲ್ಲ.

ಈ ಗುಡ್ಡಕ್ಕೆ ಒಂದು ದೋಷ ಇದೆ. ಮೂರು ಕಡೆ ಕಡಿದಾದ ಇಳಿಜಾರು, ಕೆಳಗೆ ನೀರು. ನಾಲ್ಕನೇ ಕಡೆ, ಅಂದರೆ ಹಿಂದಕ್ಕೆ ಪಶ್ಚಿಮದ ಕಡೆಗೆ, ನೆಲ ಹಾಗೇ ಮೇಲೇರುತ್ತಾ ಹೋಗುತ್ತದೆ. ಶತ್ರು ಆ ಕಡೆಯಿಂದ ಬಂದರೆ ಕೋಟೆಗಿಂತ ಎತ್ತರದಲ್ಲಿ ನಿಲ್ಲುತ್ತಾನೆ. ಕೋಟೆಯ ಇಡೀ ಚರಿತ್ರೆ ಈ ಒಂದು ದೋಷ ಮುಚ್ಚುವ ಪ್ರಯತ್ನ ಅಂತ ನನಗೆ ಅನ್ನಿಸುತ್ತದೆ. ತುದಿಯಲ್ಲಿ ಮೊದಲು ಇದ್ದದ್ದು ನಾಮ್ಯೂರ್ ಕೌಂಟ್‌ಗಳ, ಅಂದರೆ ಈ ಸೀಮೆಯ ಒಡೆಯರ, ಅರಮನೆ ಕೋಟೆ. 1421ರಲ್ಲಿ ಸಾಲದಲ್ಲಿ ಮುಳುಗಿದ್ದ 3ನೇ ಜಾನ್ ಎಂಬ ಕೌಂಟ್ ಇಡೀ ಸೀಮೆಯನ್ನೇ ಬರ್ಗಂಡಿಯ ಡ್ಯೂಕ್ ಫಿಲಿಪ್‌ಗೆ ಮಾರಿಬಿಟ್ಟ. ಅಲ್ಲಿಂದ ಅದು ಹಾಬ್ಸ್‌ಬರ್ಗ್ ಮನೆತನಕ್ಕೆ, ಅವರಿಂದ ಸ್ಪೇನಿಗೆ ಹೋಯಿತು. 16ನೇ ಶತಮಾನದ ಮಧ್ಯದಲ್ಲಿ ಹಳೆಯ ಕೋಟೆಯ ಹಿಂದೆ ‘ಮೆಡಿಯಾನ್’ ಎಂಬ ಹೊಸ ಭಾಗ ಕಟ್ಟಿದರು. 17ನೇ ಶತಮಾನದಲ್ಲಿ ಸ್ಪೇನಿನವರು ಅದರ ಹಿಂದೆ ‘ಟೆರಾ ನೋವಾ’ ಕಟ್ಟಿದರು. ಆಮೇಲೆ ಟೆರಾ ನೋವಾಗಿಂತ ಹಿಂದಿನ ನೆಲ ಎತ್ತರ ಅಂತ ಗೊತ್ತಾಗಿ, 1690-91ರಲ್ಲಿ ಡಚ್ ಎಂಜಿನಿಯರ್ ಕೂಹೋರ್ನ್ ಇನ್ನೂ ಹಿಂದೆ ‘ಆರೆಂಜ್ ಕೋಟೆ’ ಕಟ್ಟಿದ. ಪ್ರತಿ ಕೋಟೆಯೂ ಹಿಂದಿನದರ ಬೆನ್ನು ಕಾಯೋಕೆ ಬಂದದ್ದು. ಎಲ್ಲವನ್ನೂ ನೆಲದಡಿಯ ದಾರಿಗಳಿಂದ ಜೋಡಿಸಿದರು. ಈಗ ಲೆಕ್ಕ ಹಾಕಿದರೆ ಅವು ಸುಮಾರು 7 ಕಿ.ಮೀ. ಆಗುತ್ತವೆ. ನೆಪೋಲಿಯನ್ ಇದನ್ನು ‘ಯುರೋಪಿನ ಗೆದ್ದಲು ಹುತ್ತ’ ಅಂತ ಕರೆದ ಎಂಬ ಮಾತು ಅಲ್ಲಿ ಎಲ್ಲರ ಬಾಯಲ್ಲೂ ಇದೆ. ಹಾವಿನ ವಿಷಯ ಬಿಟ್ಟರೆ ಹೋಲಿಕೆ ಸರಿಯಾಗಿದೆ.

ಹಾಗಂತ ಎಲ್ಲ ಸಲವೂ ಮುತ್ತಿಗೆ ಹಾಕಿಯೇ ಹಿಡಿಯಬೇಕು ಅಂತಿಲ್ಲ. 1577ರ ಜುಲೈನಲ್ಲಿ ಸ್ಪೇನಿನ ರಾಜನ ಪರವಾಗಿ ಈ ನಾಡು ಆಳುತ್ತಿದ್ದ ಡಾನ್ ಜಾನ್ ನಾಮ್ಯೂರಿಗೆ ಬಂದ. ಲೆಪಾಂಟೊ ಕಡಲ ಯುದ್ಧದಲ್ಲಿ ತುರ್ಕರನ್ನು ಗೆದ್ದು ಹೆಸರು ಮಾಡಿದ್ದವನು ಇವನೇ. ಸ್ಪಾ ಊರಿನ ಬುಗ್ಗೆ ನೀರಿಗೆ ಹೊರಟಿದ್ದ ಫ್ರೆಂಚ್ ರಾಜಕುಮಾರಿ ಮಾರ್ಗರೆಟ್‌ಳನ್ನು ಬರಮಾಡಿಕೊಳ್ಳೋಕೆ ಬಂದಿದ್ದೇನೆ ಅಂತ ಹೇಳಿದ. ಅವಳನ್ನು ಬೀಳ್ಕೊಟ್ಟ ಮೇಲೆ ಬೇಟೆಗೆ ಹೋಗುವ ನೆಪದಲ್ಲಿ ಹೊರಟವನು ಸೀದಾ ಕೋಟೆಗೇ ನುಗ್ಗಿ ಹಿಡಿದುಕೊಂಡ. ಮುಂದಿನ ವರ್ಷ ಊರ ಹೊರಗಿನ ಪಾಳೆಯದಲ್ಲಿ ಜ್ವರ ಬಂದು ಸತ್ತ. ಹೆಣವನ್ನು ಫ್ರಾನ್ಸ್ ಮೂಲಕ ಗುಟ್ಟಾಗಿ ಸ್ಪೇನಿಗೆ ಒಯ್ಯಬೇಕಿತ್ತು. ಅದಕ್ಕೆ ಮೂರು ತುಂಡು ಮಾಡಿ ಚೀಲಕ್ಕೆ ಹಾಕಿ ಕುದುರೆ ಮೇಲೆ ಸಾಗಿಸಿದರು ಅಂತ ಹೇಳುತ್ತಾರೆ. ಹೃದಯ ಮಾತ್ರ ನಾಮ್ಯೂರಿನ ಸೇಂಟ್ ಓಬಾನ್ ಕೆಥೆಡ್ರಲ್‌ನಲ್ಲೇ ಉಳಿಯಿತು. ಈಗಲೂ ಅಲ್ಲೇ ಇದೆ.

ಈಗ 1692. ಫ್ರಾನ್ಸಿನ 14ನೇ ಲೂಯಿ ಸ್ವತಃ ಬಂದ. ಸುಮ್ನೆ ಬರಲಿಲ್ಲ. ಅರಮನೆಯ ಹೆಂಗಸರು, ಅಡುಗೆಯವರು, ಆಸ್ಥಾನದ ಇತಿಹಾಸಕಾರ, ಎಲ್ಲರನ್ನೂ ಕರೆದುಕೊಂಡು ಬಂದ. ಸುಮಾರು 60,000 ಜನ ಮುತ್ತಿಗೆಗೆ, ಹೆಚ್ಚುಕಡಿಮೆ ಅಷ್ಟೇ ಜನ ಹೊರಗಿನಿಂದ ಯಾರೂ ನೆರವಿಗೆ ಬರದ ಹಾಗೆ ಕಾಯೋಕೆ. ಕೋಟೆಯೊಳಗೆ ಇದ್ದದ್ದು ಸುಮಾರು 6,000 ಜನ. ಮುತ್ತಿಗೆಯ ಕೆಲಸ ಲೂಯಿಯ ಎಂಜಿನಿಯರ್ ವೊಬಾನ್‌ದು. ಇವನ ವಿಧಾನ ಒಂದು ಸಲ ಅರ್ಥವಾದರೆ ಉಳಿದದ್ದೆಲ್ಲ ಅರ್ಥವಾಗುತ್ತೆ, ಹಾಗಾಗಿ ಸ್ವಲ್ಪ ನಿಂತು ಹೇಳುತ್ತೇನೆ.

ಕೋಟೆ ಫಿರಂಗಿಯ ಏಟು ಜೋರಾಗಿ ತಾಗದಷ್ಟು ದೂರದಲ್ಲಿ, ರಾತ್ರಿ ಹೊತ್ತು, ಗೋಡೆಗೆ ಸಮಾನಾಂತರವಾಗಿ ಒಂದು ಉದ್ದನೆಯ ಹಳ್ಳ ತೋಡುತ್ತಾರೆ. ತೆಗೆದ ಮಣ್ಣನ್ನು ಕೋಟೆಯ ಕಡೆಗೇ ಒಟ್ಟುತ್ತಾರೆ, ಅದೇ ಮರೆ. ಅಲ್ಲಿಂದ ಹಾವಿನ ಹಾಗೆ ಅಂಕುಡೊಂಕಾಗಿ ಹಳ್ಳ ತೋಡುತ್ತಾ ಮುಂದೆ ಹೋಗುತ್ತಾರೆ. ನೇರ ತೋಡಿದರೆ ಗೋಡೆ ಮೇಲಿನವರು ಹಳ್ಳದ ಉದ್ದಕ್ಕೂ ಗುಂಡು ಹಾರಿಸಬಹುದು, ಅಂಕುಡೊಂಕಾದರೆ ಆಗುವುದಿಲ್ಲ. ಅರ್ಧ ದಾರಿಗೆ ಬಂದಾಗ ಇನ್ನೊಂದು ಸಮಾನಾಂತರ ಹಳ್ಳ, ಕಂದಕದ ಹತ್ತಿರ ಬಂದಾಗ ಮೂರನೆಯದು. ಪ್ರತಿ ಹಂತದಲ್ಲೂ ಫಿರಂಗಿಗಳು ಮುಂದೆ ಬರುತ್ತವೆ. ಕೊನೆಗೆ ಹತ್ತಿರದಿಂದಲೇ ಗೋಡೆಯ ಬುಡಕ್ಕೆ ಹೊಡೆದು ಬಿರುಕು ಮಾಡುತ್ತಾರೆ. ವೊಬಾನ್ ಇದನ್ನು ಪೂರ್ತಿಯಾಗಿ ಮೊದಲು ಬಳಸಿದ್ದು 1673ರಲ್ಲಿ ಮಾಸ್ಟ್ರಿಕ್ಟ್‌ನಲ್ಲಿ. ಇದು ಬಂದ ಮೇಲೆ ಕೋಟೆ ಹಿಡಿಯೋದು ವೀರರ ಕೆಲಸಕ್ಕಿಂತ ಗುದ್ದಲಿಯವರ ಕೆಲಸ ಆಯಿತು. ಜನ, ಮದ್ದು, ರೊಟ್ಟಿ ಸಾಕಷ್ಟಿದ್ದು, ಹೊರಗಿನಿಂದ ನೆರವು ಬರದಿದ್ದರೆ, ಯಾವ ಕೋಟೆಯಾದರೂ ಇಷ್ಟು ದಿನಕ್ಕೆ ಬೀಳುತ್ತೆ ಅಂತ ಮೊದಲೇ ಅಂದಾಜು ಹೇಳಬಹುದಿತ್ತು.

ಬಿರುಕು ಬಿದ್ದ ಮೇಲೆ ಕೋಟೆಯ ಮುಖ್ಯಸ್ಥ ನಗಾರಿ ಬಾರಿಸಿ ಮಾತುಕತೆಗೆ ಕರೆಯುವುದು ರೂಢಿ. ಆಗ ಬಾವುಟ ಹಿಡಿದು, ನಗಾರಿ ಬಾರಿಸುತ್ತಾ ಮರ್ಯಾದೆಯಿಂದ ಹೊರಗೆ ಹೋಗಬಹುದು. ಹಠ ಮಾಡಿ, ಲಗ್ಗೆ ಹಾಕಿಸಿಕೊಂಡು ಸೋತರೆ ಯಾವ ದಯೆಯನ್ನೂ ನಿರೀಕ್ಷಿಸುವ ಹಾಗಿರಲಿಲ್ಲ. ಅಂದರೆ ‘ಕೋಟೆ ಬಿತ್ತು’ ಅನ್ನೋದು ಬಹಳ ಸಲ ಒಂದು ಒಪ್ಪಂದ.

ನಾಮ್ಯೂರಿನಲ್ಲಿ ಊರು ಜೂನ್ ಮೊದಲ ವಾರದಲ್ಲೇ ಶರಣಾಯಿತು. ಗುಡ್ಡದ ಕೋಟೆ ಸುಲಭ ಆಗಲಿಲ್ಲ. ಕಾರಣ ಮಳೆ. ಜೂನ್ 8 ಸೇಂಟ್ ಮೆಡಾರ್ ಎಂಬ ಸಂತನ ದಿನ. ಆ ದಿನ ಮಳೆ ಬಂದರೆ 40 ದಿನ ಬಿಡೋದಿಲ್ಲ ಅಂತ ಫ್ರಾನ್ಸಿನಲ್ಲಿ ನಂಬಿಕೆ. ನಮ್ಮಲ್ಲಿ ಮೃಗಶಿರಾ ಮಳೆಯ ಲೆಕ್ಕ ಹಾಕ್ತೀವಲ್ಲ, ಹಾಗೆ. ಆ ವರ್ಷ ಬಂತು, ಬಿಡಲೇ ಇಲ್ಲ. ಹಳ್ಳದಲ್ಲೆಲ್ಲ ನೀರು, ಫಿರಂಗಿ ಚಕ್ರ ಕೆಸರಲ್ಲಿ ಹೂತುಹೋಯಿತು. ಸಿಟ್ಟು ಬಂದ ಸೈನಿಕರು ಸಿಕ್ಕಸಿಕ್ಕ ಕಡೆ ಆ ಸಂತನ ಮೂರ್ತಿಗಳನ್ನು ಒಡೆದು ಸುಟ್ಟರು. ಆದರೆ ಅದೇ ಮಳೆ ಅವರನ್ನು ಕಾಪಾಡಿದ್ದೂ ಹೌದು. ನೆರವಿಗೆ ಬಂದ 3ನೇ ವಿಲಿಯಂ, ಅಂದರೆ ಇಂಗ್ಲೆಂಡಿನ ರಾಜ ಮತ್ತು ಡಚ್ಚರ ನಾಯಕ, ಉಕ್ಕಿದ ಮೆಹೈನ್ ಹೊಳೆ ದಾಟೋಕಾಗದೆ ಆಚೆ ದಡದಲ್ಲೇ ಉಳಿದ.

ಆರೆಂಜ್ ಕೋಟೆಯನ್ನು ಕಾಯುತ್ತಿದ್ದವನು ಅದನ್ನು ಕಟ್ಟಿದ ಕೂಹೋರ್ನ್. ಅದರ ಮೇಲೆ ಹಳ್ಳ ತೋಡುತ್ತಾ ಬಂದವನು ವೊಬಾನ್. ಆ ಕಾಲದ ಇಬ್ಬರು ದೊಡ್ಡ ಕೋಟೆ ಎಂಜಿನಿಯರ್‌ಗಳು ಎದುರುಬದುರು. ಹೀಗಾದದ್ದು ಬಹಳ ಅಪರೂಪ. ಕೂಹೋರ್ನ್ ಗಾಯಗೊಂಡ, ಅವನ ಕೋಟೆ ಜೂನ್ 22ರ ಹೊತ್ತಿಗೆ ಹೋಯಿತು. ತಿಂಗಳ ಕೊನೆಗೆ ಉಳಿದದ್ದೂ ಶರಣಾಯಿತು. ಒಟ್ಟು ಐದು ವಾರ. ಲೂಯಿ ಖುದ್ದಾಗಿ ನಿಂತು ನಡೆಸಿದ ಕೊನೆಯ ಮುತ್ತಿಗೆ ಇದೇ.

ಗೆದ್ದ ವೊಬಾನ್ ತಾನು ನುಗ್ಗಿದ ದಾರಿಗಳನ್ನೆಲ್ಲ ಮುಚ್ಚಿ ಕೋಟೆಯನ್ನು ಇನ್ನೂ ಬಲ ಮಾಡಿದ. ಹಾಗಾದರೆ ಮೂರೇ ವರ್ಷಕ್ಕೆ ಮತ್ತೆ ಬಿದ್ದದ್ದು ಹೇಗೆ? ನನ್ನ ಪ್ರಕಾರ ಮೊದಲ ಉತ್ತರ ದುಡ್ಡು. ಈ ಯುದ್ಧಕ್ಕೆ ಸಾಲ ಎತ್ತಲೆಂದೇ 1694ರಲ್ಲಿ ಲಂಡನ್‌ನಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಶುರುವಾಗಿತ್ತು. ಸೈನಿಕರಿಗೆ ಸಂಬಳ ಮುಟ್ಟಿಸುವ ಏರ್ಪಾಡಿಗಾಗಿ ಅದರ ಉಪ ಗವರ್ನರ್ ಮೈಕೆಲ್ ಗಾಡ್‌ಫ್ರೀ 1695ರ ಜುಲೈನಲ್ಲಿ ಇಲ್ಲಿಗೇ ಬಂದ. ಮುತ್ತಿಗೆ ಹೇಗಿರುತ್ತೆ ನೋಡೋಣ ಅಂತ ರಾಜ ವಿಲಿಯಂ ಜೊತೆ ಹಳ್ಳಕ್ಕಿಳಿದ. ಕೋಟೆಯಿಂದ ಬಂದ ಗುಂಡು ರಾಜನ ಪಕ್ಕದಲ್ಲೇ ನಿಂತಿದ್ದ ಬ್ಯಾಂಕಿನವನಿಗೆ ಬಿತ್ತು. ಅಲ್ಲೇ ಸತ್ತ. ಬ್ಯಾಂಕ್ ಕೆಲಸದಲ್ಲಿ ಹೀಗೂ ಆಗುತ್ತೆ ನೋಡಿ.

ಈ ಸಲ ಪಾತ್ರಗಳು ಅದಲುಬದಲು. ಒಳಗೆ ಫ್ರೆಂಚ್ ಮಾರ್ಷಲ್ ಬೂಫ್ಲೆರ್, ಸುಮಾರು 13,000 ಜನರೊಂದಿಗೆ. ಹೊರಗೆ ವಿಲಿಯಂ, ಬವೇರಿಯಾದ ದೊರೆ ಮತ್ತು ನಮ್ಮ ಕೂಹೋರ್ನ್. ತಾನೇ ಕಟ್ಟಿ ಕಳೆದುಕೊಂಡ ಕೋಟೆಗೆ ತಾನೇ ದಾಳಿ ಇಡುವ ಸರದಿ ಅವನದು. ವೊಬಾನ್ ಗುದ್ದಲಿಯವನಾದರೆ ಕೂಹೋರ್ನ್ ಮದ್ದಿನವನು. ತಾಳ್ಮೆಯಿಂದ ತೋಡುವ ಬದಲು ಒಂದೇ ಕಡೆಗೆ ರಾಶಿ ಫಿರಂಗಿ, ಮಾರ್ಟರ್ (ಗುಂಡನ್ನು ಎತ್ತರಕ್ಕೆ ಹಾರಿಸಿ ಮೇಲಿಂದ ಬೀಳಿಸುವ ಗಿಡ್ಡ ಫಿರಂಗಿ) ಕೂಡಿಸಿ ಹಗಲೂರಾತ್ರಿ ಸುರಿದ. ಬೇಗ ಆಗುತ್ತೆ, ಆದರೆ ಜನ ಜಾಸ್ತಿ ಸಾಯುತ್ತಾರೆ. ಆಗಸ್ಟ್ ಮೊದಲ ವಾರದಲ್ಲಿ ಊರು ಬಿತ್ತು. ಕೋಟೆ ಸೆಪ್ಟೆಂಬರ್ ಮೊದಲ ವಾರದವರೆಗೆ ನಿಂತಿತು. ಕೊನೆಯ ಲಗ್ಗೆ ಒಂದರಲ್ಲೇ ಸಾವಿರಾರು ಜನ ಸತ್ತರು, ಗಾಯಗೊಂಡರು. ಬೂಫ್ಲೆರ್ ಜೊತೆ ಹೊರಗೆ ನಡೆದು ಬಂದವರು ಅವನ ದಂಡಿನ ಅರ್ಧಕ್ಕಿಂತ ಕಡಿಮೆ.

ನೀವು ಬ್ರಸೆಲ್ಸ್‌ನಲ್ಲಿ ಇರುವವರು, ಈ ಮಾತು ನಿಮಗೆ ಬೇಕು. ನಾಮ್ಯೂರಿನಿಂದ ವಿಲಿಯಂನನ್ನು ಎಬ್ಬಿಸೋಕೆ ಫ್ರೆಂಚ್ ಮಾರ್ಷಲ್ ವಿಲ್ಲರ್ವಾ ಒಂದು ಉಪಾಯ ಮಾಡಿದ. 1695ರ ಆಗಸ್ಟ್ 13ರಿಂದ 15ರವರೆಗೆ ಬ್ರಸೆಲ್ಸ್ ಮೇಲೆ ಬೆಂಕಿ ಗುಂಡು ಸುರಿದ. ಸುಮಾರು 4,000 ಕಟ್ಟಡ ಸುಟ್ಟುಹೋದವು. ಊರ ನಡುವಿನ ಚೌಕ ಗ್ರಾಂಡ್ ಪ್ಲಾಸ್ ಬಹುತೇಕ ಬೂದಿ, ಟೌನ್ ಹಾಲ್‌ನ ಗೋಪುರ ಮತ್ತು ಕಲ್ಲಿನ ಗೋಡೆಗಳು ನಿಂತವು. ವಿಲಿಯಂ ಜಗ್ಗಲಿಲ್ಲ. ಈಗ ಪ್ರವಾಸಿಗರು ಫೋಟೊ ತೆಗೆಯುವ ಆ ಚಿನ್ನದ ಅಂಚಿನ ಮನೆಗಳೆಲ್ಲ ಆಮೇಲೆ ಕೆಲವೇ ವರ್ಷಗಳಲ್ಲಿ ಕಟ್ಟಿದ್ದು. ಒಂದು ಲೆಕ್ಕದಲ್ಲಿ ಅವು ನಾಮ್ಯೂರ್ ಮುತ್ತಿಗೆಯ ಪರಿಣಾಮ.

ಆಮೇಲಿನ ನೂರು ವರ್ಷ ಬೇಗ ಮುಗಿಸುತ್ತೇನೆ. 1715ರ ಒಪ್ಪಂದದಂತೆ ನಾಡು ಆಸ್ಟ್ರಿಯಾದ್ದು, ಕೋಟೆಯಲ್ಲಿ ಕಾವಲು ಡಚ್ಚರದ್ದು. ಫ್ರಾನ್ಸ್ ಅನ್ನು ತಡೆಯುವ ಬೇಲಿ ಸಾಲಿನಲ್ಲಿ ನಾಮ್ಯೂರ್ ಕೂಡ ಒಂದು. 1746ರಲ್ಲಿ ಫ್ರೆಂಚರು ಒಂದೇ ತಿಂಗಳಲ್ಲಿ ಹಿಡಿದು, 1748ರಲ್ಲಿ ವಾಪಸ್ ಕೊಟ್ಟರು. 1780ರ ದಶಕದಲ್ಲಿ ಆಸ್ಟ್ರಿಯಾದ 2ನೇ ಜೋಸೆಫ್ ಇನ್ನು ಕೋಟೆ ಬೇಡ ಅಂತ ಕೆಡವಿಸಿದ. ಹತ್ತು ವರ್ಷದಲ್ಲಿ ಫ್ರೆಂಚ್ ಕ್ರಾಂತಿಯ ಸೈನ್ಯ ಬಂತು. ನೆಪೋಲಿಯನ್ ಸೋತ ಮೇಲೆ, 1816ರಿಂದ, ಡಚ್ಚರು ಮತ್ತೆ ಕಟ್ಟಿದರು. ನೀವು ಕೈಯಿಟ್ಟು ನೋಡಿದ ಗೋಡೆಗಳಲ್ಲಿ ಬಹಳಷ್ಟು ಈ ಸಲ ಕಟ್ಟಿದವು. 1830ರಲ್ಲಿ ಬೆಲ್ಜಿಯಂ ಹುಟ್ಟಿತು. 1860ರ ದಶಕದಲ್ಲಿ ಊರ ಸುತ್ತಲಿನ ಗೋಡೆ ಒಡೆದು ರಸ್ತೆ ಮಾಡಿದರು. ಊರು ಉಸಿರಾಡಿದ್ದು ಆಗಲೇ.

ಫಿರಂಗಿಗಳು ಬಹಳ ದೂರ ಹಾರಿಸೋಕೆ ಶುರು ಮಾಡಿದ್ದರಿಂದ ಊರಿನಲ್ಲೇ ಕೋಟೆ ಇಟ್ಟುಕೊಂಡು ಪ್ರಯೋಜನ ಇರಲಿಲ್ಲ. ಹಾಗಾಗಿ 1888ರಿಂದ ಬೆಲ್ಜಿಯಂ ಸೇನೆಯ ಜನರಲ್ ಬ್ರಿಯಾಲ್ಮೋಂ ಊರಿನಿಂದ ಕೆಲವು ಕಿ.ಮೀ. ಆಚೆ, ಸುತ್ತ ಉಂಗುರದ ಹಾಗೆ 9 ಕಾಂಕ್ರೀಟ್ ಕೋಟೆಗಳನ್ನು ಕಟ್ಟಿಸಿದ. ಲಿಯೇಜ್‌ನಲ್ಲಿ 12. ನೆಲದೊಳಗೆ ಹುದುಗಿದ ಕಾಂಕ್ರೀಟ್, ಮೇಲೆ ತಿರುಗುವ ಉಕ್ಕಿನ ಗುಮ್ಮಟದಲ್ಲಿ ಫಿರಂಗಿ. ಗುಡ್ಡದ ಹಳೆಯ ಕೋಟೆಗೆ ನಿವೃತ್ತಿ ಕೊಟ್ಟು ಪಾರ್ಕ್ ಮಾಡಿದರು.

ಮೊದಲ ಮಹಾಯುದ್ಧ ಶುರುವಾದ 1914ರ ಆಗಸ್ಟ್‌ನಲ್ಲಿ ಏನಾಯಿತು ಅನ್ನೋದು ಬೇಸರದ ಕಥೆ. ಈ ಕೋಟೆಗಳನ್ನು 210 ಮಿ.ಮೀ. ಗುಂಡು ತಡೆಯುವ ಹಾಗೆ ಲೆಕ್ಕ ಹಾಕಿ ಕಟ್ಟಿದ್ದರು. ಆ ಕಾಲಕ್ಕೆ ಎಳೆದು ತರಬಹುದಾದ ದೊಡ್ಡ ಫಿರಂಗಿ ಅದೇ. ಜರ್ಮನ್ನರು ತಂದದ್ದು ಆಸ್ಟ್ರಿಯಾದ 305 ಮಿ.ಮೀ. ಮತ್ತು ತಮ್ಮದೇ 420 ಮಿ.ಮೀ. ಮಾರ್ಟರ್‌ಗಳನ್ನು. ಕಾಂಕ್ರೀಟಿನಲ್ಲಿ ಕಬ್ಬಿಣದ ಸರಳು ಇರಲಿಲ್ಲ. ರಾತ್ರಿ ಕೆಲಸ ನಿಲ್ಲಿಸಿ ಬೆಳಿಗ್ಗೆ ಮತ್ತೆ ಸುರಿದಿದ್ದರಿಂದ ಒಂದು ಪದರಕ್ಕೂ ಇನ್ನೊಂದಕ್ಕೂ ಸರಿಯಾಗಿ ಬೆಸುಗೆ ಆಗಿರಲಿಲ್ಲ. ಮನೆ ಕಟ್ಟಿಸಿದವರಿಗೆ ಈ ಜಾಯಿಂಟ್ ಸಮಸ್ಯೆ ಗೊತ್ತಿರುತ್ತೆ. ಅಡುಗೆಮನೆ, ಪಾಯಿಖಾನೆಗಳು ಕಂದಕದ ಆಚೆ ಬದಿಯಲ್ಲಿದ್ದವು. ಗುಂಡು ಸುರಿಯುವಾಗ ಕಂದಕ ದಾಟಿ ಹೋಗೋದು ಯಾರು? ಒಳಗೆ ಸಿಡಿತದ ಹೊಗೆ, ಧೂಳು, ಹೊಲಸು ವಾಸನೆ. ಎಷ್ಟೋ ಕಡೆ ಸೈನಿಕರನ್ನು ಸೋಲಿಸಿದ್ದು ಗುಂಡಿಗಿಂತ ಗಾಳಿಯಿಲ್ಲದ ಸ್ಥಿತಿ.

ಲಿಯೇಜ್‌ನಲ್ಲಿ ಜರ್ಮನ್ನರು ಮೊದಲು ಕಾಲ್ದಳ ನುಗ್ಗಿಸಿ ಏಟು ತಿಂದಿದ್ದರು. ನಾಮ್ಯೂರಿನಲ್ಲಿ ಆ ತಪ್ಪು ಮಾಡಲಿಲ್ಲ. ದೂರದಲ್ಲೇ ನಿಂತು ಒಂದೊಂದೇ ಕೋಟೆ ಒಡೆದರು. ಆಗಸ್ಟ್ 21ಕ್ಕೆ ಭಾರಿ ಗುಂಡಿನ ದಾಳಿ ಶುರು, 23ಕ್ಕೆ ಊರಿಗೆ ಪ್ರವೇಶ, 25ಕ್ಕೆ ಕೊನೆಯ ಕೋಟೆ ಸುವಾರ್ಲೆ ಶರಣು. ತಿಂಗಳುಗಟ್ಟಲೆ ನಿಲ್ಲಬೇಕಿದ್ದದ್ದು ದಿನಗಳಲ್ಲಿ ಮುಗಿಯಿತು. ಜರ್ಮನ್ನರು ಊರಿನ ಮುಖ್ಯ ಚೌಕಕ್ಕೆ ಬೆಂಕಿ ಇಟ್ಟರು, ಟೌನ್ ಹಾಲ್ ಸುಟ್ಟುಹೋಯಿತು. ಅದೇ 23ರಂದು, ಮ್ಯೂಸ್ ದಂಡೆಯಲ್ಲೇ ಸ್ವಲ್ಪ ಮೇಲಿರುವ ದಿನಾಂತ್ ಊರಿನಲ್ಲಿ ಅವರು ಮಾಡಿದ ಕೊಲೆಗಳು ಇದಕ್ಕಿಂತ ಘೋರ. ಅಲ್ಲಿ ಸತ್ತ ಸಾಮಾನ್ಯ ಜನ 674. ನಾಮ್ಯೂರಿನ ಕಾವಲು ಪಡೆಯಲ್ಲಿ ಸಾವಿರಾರು ಜನ ಎರಡು ನದಿಗಳ ನಡುವಿನ ಕಾಡಿನಿಂದ ಫ್ರಾನ್ಸಿಗೆ ತಪ್ಪಿಸಿಕೊಂಡು, ಅಲ್ಲಿಂದ ಹಡಗು ಹತ್ತಿ ಮತ್ತೆ ಬೆಲ್ಜಿಯಂ ಕರಾವಳಿಗೇ ಬಂದು ಯುದ್ಧಕ್ಕೆ ನಿಂತರು.

ಈಗ ನಿಮ್ಮ ಮಗನ ಪ್ರಶ್ನೆ. 1914ರಲ್ಲಿ ಉಸಿರುಗಟ್ಟಿದ್ದು, 1915ರ ಏಪ್ರಿಲ್‌ನಲ್ಲಿ ಬೆಲ್ಜಿಯಂನದೇ ಈಪ್ರ್ ಊರಿನ ಹತ್ತಿರ ವಿಷಾನಿಲ ಬಿಟ್ಟದ್ದು, ಇವೆರಡನ್ನೂ ಬೆಲ್ಜಿಯಂ ಸೇನೆ ಮರೆಯಲಿಲ್ಲ. ಎರಡು ಯುದ್ಧಗಳ ನಡುವೆ 9 ಕೋಟೆಗಳಲ್ಲಿ 7ನ್ನು ಸರಿಪಡಿಸಿ, ಶುದ್ಧ ಗಾಳಿ ಎಳೆದುಕೊಳ್ಳುವ ವ್ಯವಸ್ಥೆ ಹಾಕಿದರು. ಗುಡ್ಡದ ಹಳೆಯ ಸುರಂಗಗಳನ್ನೂ ಆಗಲೇ ವಿಷಾನಿಲ ನುಗ್ಗದ ಹಾಗೆ ಮಾರ್ಪಡಿಸಿದರು. ಪುಟ್ಟ ಹುಡುಗ ಸರಿಯಾದ ಜಾಗದಲ್ಲೇ ಕಣ್ಣಿಟ್ಟಿದ್ದಾನೆ ಅಂತ ಅವನಿಗೆ ಹೇಳಿ.

1940ರಲ್ಲಿ ಆ ಗಾಳಿ ಯಂತ್ರಗಳು ಕೆಲಸ ಮಾಡಿದವು, ಯುದ್ಧ ಮಾತ್ರ ಬೇರೆ ಕಡೆ ನಡೆಯಿತು. ಜರ್ಮನ್ ಟ್ಯಾಂಕುಗಳು ದಕ್ಷಿಣದಲ್ಲಿ ಸೆಡಾನ್ ಹತ್ತಿರ ಮ್ಯೂಸ್ ದಾಟಿಬಿಟ್ಟವು. ಸುತ್ತುವರಿಯುವ ಭಯದಿಂದ ಮೇ 15ರಂದು ಸೈನ್ಯಕ್ಕೆ ನಾಮ್ಯೂರ್ ಬಿಡುವ ಆದೇಶ ಬಂತು. ಕೋಟೆಯವರು ಒಬ್ಬಂಟಿಯಾದರು. ಆದರೂ ಕೊನೆಯವು ಮೇ 23ರವರೆಗೆ ಎಳೆದವು. 1914ಕ್ಕಿಂತ ಇದು ಉತ್ತಮ ಸಾಧನೆ ಅಂತ ನಾನು ಅನ್ನುತ್ತೇನೆ. ಆದರೆ ಆ ದಿನಗಳಿಂದ ಯಾರಿಗೂ ಲಾಭ ಆಗಲಿಲ್ಲ, ಕಾದರೆ ಬಂದು ಸೇರುವ ದಂಡೇ ಇರಲಿಲ್ಲವಲ್ಲ. 1944ರ ಆಗಸ್ಟ್ 18ರಂದು ಸೇತುವೆಗಳಿಗೆ ಗುರಿಯಿಟ್ಟ ಅಮೆರಿಕದ ಬಾಂಬುಗಳು ಊರ ಮೇಲೆ ಬಿದ್ದು ನೂರಾರು ಜನ ಸತ್ತರು. ಮತ್ತೆ ಅದೇ ಕಾರಣ: ನದಿ ದಾಟುವ ಜಾಗ.

ಗುಡ್ಡದ ಮೇಲೆ ಸೇನೆ 1970ರ ದಶಕದವರೆಗೂ ಇತ್ತು, ಕಮಾಂಡೊಗಳು ಅಲ್ಲಿ ತರಬೇತಿ ಪಡೆಯುತ್ತಿದ್ದರು. ಈಗ 2021ರಿಂದ ಕೇಬಲ್ ಕಾರ್ ಇದೆ. ಇನ್ನೊಮ್ಮೆ ಹೋದರೆ ಅದನ್ನು ಬಿಟ್ಟು, ಮೊದಲು ನದಿಗಳು ಸೇರುವ ಗ್ರೊನ್ಯೋಂ ತುದಿಯಲ್ಲಿ ನಿಂತು ಮೇಲೆ ನೋಡಿ. ಆಮೇಲೆ ನಡೆದೇ ಹತ್ತಿ, ಕೌಂಟ್‌ಗಳ ಕೋಟೆ, ಮೆಡಿಯಾನ್, ಟೆರಾ ನೋವಾ, ಆರೆಂಜ್ ಕೋಟೆ, ಈ ಕ್ರಮದಲ್ಲಿ ಪಶ್ಚಿಮಕ್ಕೆ ಹೋಗಿ. ಪ್ರತಿ ಸಲ ಹಿಂದೆ ತಿರುಗಿದರೆ ಹಿಂದಿನ ಕೋಟೆ ನಿಮಗಿಂತ ಸ್ವಲ್ಪ ಕೆಳಗೆ ಕಾಣುತ್ತದೆ. ಇಳಿದು ಬಂದ ಮೇಲೆ, ಕೆಥೆಡ್ರಲ್ ಬಾಗಿಲು ತೆಗೆದಿದ್ದರೆ ಒಳಗೆ ಹೋಗಿ ಡಾನ್ ಜಾನ್ ಹೃದಯ ಇಟ್ಟ ಜಾಗ ಎಲ್ಲಿ ಅಂತ ಕೇಳಿ. ತೋರಿಸುತ್ತಾರೆ.